ಮಧ್ಯಾಹ್ನಕ್ಕೆ ಮಾತ್ರ ಎತ್ತುವ ಟ್ರ್ಯಾಕ್ಟರು

ನಮ್ಮ ಮನೆಯಲ್ಲಿ ಬೆಳಿಗ್ಗೆ ಎಷ್ಟು ಗದರಿದರೂ ಏಳದೆ, ಮಧ್ಯಾಹ್ನದ ಊಟದ ಹೊತ್ತಿಗೆ ಮೈಮುರಿದು ಏಳುವ ಜೀವಗಳು ಎರಡು ಅಂತ ನಾನು ಊರಿಗೆಲ್ಲ ಹೇಳಿ ನಗಿಸುತ್ತಿದ್ದೆ. ಒಂದು ಟ್ರ್ಯಾಕ್ಟರು, ಇನ್ನೊಂದು ಅದರ ಡ್ರೈವರು. ಡ್ರೈವರು ಅಂದರೆ ನನ್ನ ಗಂಡ. ಟ್ರ್ಯಾಕ್ಟರಿನ ವಿಷಯದಲ್ಲಿ ಆ ಮಾತು ಸುಳ್ಳು ಅಂತ ಹೋದ ಮಳೆಗಾಲದಲ್ಲಿ ಗೊತ್ತಾಯಿತು. ಗಂಡನ ವಿಷಯದಲ್ಲಿ ಈಗಲೂ ನಿಜವೇ.

ನಾವಿರುವುದು ಕೊಡ್ಲಿಪೇಟೆಗೆ ಹತ್ತಿರದ ಒಂದು ಹಳ್ಳಿಯಲ್ಲಿ. ಮೇಲೆ ಸ್ವಲ್ಪ ಕಾಫಿ, ಕೆಳಗೆ ಗದ್ದೆ. ನಾನು ಹುಟ್ಟಿದ್ದು ಕುಶಾಲನಗರದ ಕಡೆ. ನಮ್ಮ ತಾತನ ಕಾಲದಲ್ಲಿ ಹಾಸನದಿಂದ ಬಂದು ನೆಲೆ ನಿಂತವರು ನಾವು. ಅಲ್ಲಿ ಜೋಳ, ರಾಗಿ, ಹೊಗೆಸೊಪ್ಪು. ನೇಗಿಲು ಒಣ ಮಣ್ಣಿನಲ್ಲಿ ಹೋಗುತ್ತದೆ, ಕಾಲು ಚಪ್ಪಲಿಯಲ್ಲೇ ಇರುತ್ತದೆ. ಮದುವೆಯಾಗಿ ಈ ಕಡೆ ಬಂದ ಮೇಲೆಯೇ ಕೆಸರು ಅಂದರೆ ಏನು, ಅದರೊಳಗೆ ಇಳಿದ ಕಾಲನ್ನು ಮತ್ತೆ ಎತ್ತುವುದು ಎಂಥ ಕಷ್ಟ ಅಂತ ತಿಳಿದದ್ದು. ಮೊದಲ ವರ್ಷ ನಾಟಿಗೆ ಇಳಿದು ಮೊಣಕಾಲವರೆಗೆ ಹೂತು ನಿಂತಾಗ ನಮ್ಮತ್ತೆ ಬದುವಿನ ಮೇಲಿಂದ, "ಏನವ್ವಾ, ನೀನೇ ನಾಟಿ ಆಗ್ಬುಟ್ಯಲ್ಲ, ಬೇರು ಬುಡೋದೊಂದು ಬಾಕಿ" ಅಂದಿದ್ದರು. ನಾನು ಸುಮ್ಮನಿರುವವಳಲ್ಲ. "ನೀವು ನೀರು ಬಿಡಿ, ಬುಡದಿಂದ ಮರಿ ಒಡೆದು ತೆಂಡೆನೂ ಹೊಡೀತೀನಿ" ಅಂದೆ. ಅವತ್ತಿನಿಂದ ನಮ್ಮಿಬ್ಬರ ಮಾತು ಹೀಗೇ. ಹೊರಗಿನವರಿಗೆ ಜಗಳ ಅನ್ನಿಸುತ್ತದೆ. ನಮಗೆ ಅದು ಕ್ಷೇಮಸಮಾಚಾರ.

ಅತ್ತೆಯ ನಾಲಿಗೆಗೆ ನಮ್ಮ ಹಳ್ಳಿಯಲ್ಲಿ ಹೆಸರಿದೆ. ಗಾದೆ ಹುಡುಕಲು ಅವರು ತಡಕಾಡುವುದಿಲ್ಲ, ತುದಿಯಲ್ಲೇ ಇರುತ್ತದೆ. ಆ ನಾಲಿಗೆಗೂ ಸುಮ್ಮನಾಗುವ ಒಂದು ವಿಷಯವಿತ್ತು. ಅದು ದೊಡ್ಡಗದ್ದೆ.

ದೊಡ್ಡಗದ್ದೆ ತೊರೆಯ ಪಕ್ಕದಲ್ಲಿದೆ. ನಮ್ಮ ಗದ್ದೆಗಳಲ್ಲೆಲ್ಲ ಅಗಲವಾದದ್ದು, ನಡುವೆ ಜವುಗು. ಮಾವ ಇದ್ದಾಗ ಅದನ್ನು ಅವರೇ ಹೂಡುತ್ತಿದ್ದರು. ಮಾವ ಹೋದ ಮೇಲೆ ಬಾಡಿಗೆ ಟಿಲ್ಲರಿನವರನ್ನು ಕರೆದು ಹೇಗೋ ನಡೆಸಿದೆವು. ಆಮೇಲೆ ಒಂದು ವರ್ಷ ಟಿಲ್ಲರು ನಡುವಿನ ಜವುಗಿನಲ್ಲಿ ಹೂತು, ಅದನ್ನು ಎಳೆಯಲು ಇನ್ನೊಂದು ಬಂದು ಅದೂ ಹೂತು, ಊರೆಲ್ಲ ಹಗ್ಗ ಹಿಡಿದು ನಿಲ್ಲುವ ಹಾಗಾಯಿತು. ಮರುವರ್ಷ ಯಾರೂ ಬರಲಿಲ್ಲ. ಗದ್ದೆ ಪಾಳು ಬಿತ್ತು. ಅತ್ತೆ ಆ ವರ್ಷವೆಲ್ಲ ತೊರೆಯ ಕಡೆ ಸೌದೆಗೂ ಹೋಗಲಿಲ್ಲ.

ನನ್ನ ಮೈದುನ, ಅಂದರೆ ಗಂಡನ ತಮ್ಮ, ಸೋಮವಾರಪೇಟೆಯಲ್ಲಿ ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾನೆ. ಒಳ್ಳೆಯವನೇ. ಆದರೆ ಪಾಳು ನೆಲ ಕಂಡರೆ ಅವನಿಗೆ ಮೈ ಉರಿಯುತ್ತದೆ. "ಶುಂಠಿಯವ್ರು ಕೇಳ್ತಾವ್ರೆ, ಬೇಸಿಗೆಗೆ ಕೊಟ್ಬಿಡಾಣ" ಅಂದ. ಶುಂಠಿಗೆ ಕೊಟ್ಟರೆ ಗದ್ದೆಯಲ್ಲಿ ಆಳವಾಗಿ ಚರಂಡಿ ತೋಡಿ ನೀರೆಲ್ಲ ಬಸಿದು ಹಾಕುತ್ತಾರೆ. ತಲೆತಲಾಂತರದಿಂದ ತುಳಿದು ಗಟ್ಟಿಯಾದ ಗದ್ದೆಯ ತಳ ಒಮ್ಮೆ ಒಡೆದರೆ ಮತ್ತೆ ನೀರು ನಿಲ್ಲುವುದಿಲ್ಲ. ಅತ್ತೆ, "ನಾನಿರೋಗಂಟ ಆ ಗದ್ದೇಲಿ ಬತ್ತ ಬುಟ್ಟು ಇನ್ನೊಂದು ಹಾಕಂಗಿಲ್ಲ" ಅಂದರು. ಮೈದುನ ಜೋರಾಗಿ ಮಾತಾಡುವವನಲ್ಲ. "ಹಂಗಾರೆ ಈ ಸಲ ನೆಟ್ಟು ತೋರ್ಸವ್ವ. ಆಗಸ್ಟಲ್ಲಿ ಮದ್ದುಸೊಪ್ಪಿನ ಪಾಯಸದ ಹಬ್ಬಕ್ಕೆ ಬರ್ತೀನಲ್ಲ, ಅಷ್ಟೊತ್ತಿಗೆ ಹಸಿರಾಗಿದ್ರೆ ನಾನು ಶುಂಠಿ ಅನ್ನೋ ಮಾತೇ ಎತ್ತಲ್ಲ. ಈ ವರ್ಷನೂ ಪಾಳು ಬಿದ್ರೆ ನೀನೂ ತಡೀಬಾರ್ದು" ಅಂದ. ಅತ್ತೆ ಒಪ್ಪಿದರು. ಅವರು ಮರುಮಾತಿಲ್ಲದೆ ಒಪ್ಪಿದ್ದು ನೋಡಿ ನನಗೆ ಭಯವಾಯಿತು.

ಹೂಡಲು ಉಳಿದದ್ದು ನಮ್ಮ ಟ್ರ್ಯಾಕ್ಟರು ಒಂದೇ. ಪಕ್ಕದ ಎಸ್ಟೇಟಿನವರು ಹೊಸದು ತಂದಾಗ ಮಾವ ಅವರ ಹಳೆಯದನ್ನು ಕೊಂಡಿದ್ದರು. ನಾನು ಈ ಮನೆಗೆ ಬರುವ ಮೊದಲೇ ಅದು ಬಂದಿತ್ತು. ಬಾನೆಟ್ಟಿಗೆ ತಂತಿ ಕಟ್ಟಿದೆ, ಸೀಟಿಗೆ ಗೋಣಿ ಹಾಸಿದೆ, ಬಣ್ಣ ಯಾವುದಿತ್ತು ಅಂತ ಜಗಳವಾಡಬಹುದು. ಆದರೆ ಈಗಿನ ದೊಡ್ಡ ಗಾಡಿಗಳ ಭಾರ ಅದಕ್ಕಿಲ್ಲ. ಟಯರಿನ ಪಕ್ಕಕ್ಕೆ ಕಬ್ಬಿಣದ ಕೇಜ್ ವೀಲ್ ಕಟ್ಟಿದರೆ ಜವುಗಿನ ಮೇಲೂ ತೇಲಿಕೊಂಡು ಹೋಗುತ್ತದೆ. ಮಾವ ಹೋದ ಮೇಲೆ ಅದಕ್ಕೆ ಟ್ರೈಲರು ಸಿಕ್ಕಿಸಿ ಗೊಬ್ಬರ, ಸೌದೆ, ಕಾಫಿ ಹಣ್ಣು ಹೊಡೆಯುವುದಷ್ಟೇ ಕೆಲಸ. ಟ್ರೈಲರು ಎಳೆಯಲು, ಹೂಡುವ ಸಾಮಾನು ಎತ್ತಿ ಇಳಿಸುವ ಹಿಂದಿನ ಲಿಫ್ಟು ಬೇಕಾಗಿಲ್ಲ. ಹಾಗಾಗಿ ಲಿಫ್ಟಿನ ಕಡೆ ಯಾರೂ ತಿರುಗಿ ನೋಡಿರಲಿಲ್ಲ.

ಸಸಿಮಡಿಯಲ್ಲಿ ಸಸಿ ಎದ್ದು ನಿಂತಿತ್ತು. ಒಂದು ಬೆಳಿಗ್ಗೆ ನನ್ನ ಗಂಡ ಹಿಂದೆ ಕಬ್ಬಿಣದ ಹಲ್ಲುಗಳ ಕಲ್ಟಿವೇಟರು ಕಟ್ಟಿ, ಗಾಡಿ ಸ್ಟಾರ್ಟ್ ಮಾಡಿ, ಲಿಫ್ಟಿನ ಹಿಡಿ ಎಳೆದರು. ಗಾಡಿ ಹೊಟ್ಟೆನೋವು ಬಂದವರ ಹಾಗೆ ನರಳಿತು. ಕಲ್ಟಿವೇಟರು ನೆಲ ಬಿಟ್ಟು ಕದಲಲಿಲ್ಲ.

"ಏನ್ರೀ ಇದು?"

"ಎತ್ತಲ್ಲ."

"ಅದು ಕಾಣ್ತಾ ಐತೆ. ಯಾಕೆ ಎತ್ತಲ್ಲ?"

"ನೋಡ್ಬೇಕು."

ನನ್ನ ಗಂಡನ ಆಯುಸ್ಸಿನಲ್ಲಿ ಅರ್ಧ 'ನೋಡ್ಬೇಕು' ಅನ್ನುವುದರಲ್ಲೇ ಕಳೆದಿದೆ. ಮೆಕ್ಯಾನಿಕ್ಕಿಗೆ ಫೋನು ಮಾಡಿದೆವು. ಅವನು ಅಲ್ಲಿಂದಲೇ, ಪಂಪು ಹೋಗಿರುತ್ತದೆ, ಇಲ್ಲವೇ ಪಿಸ್ಟನ್ನಿನ ರಬ್ಬರು ಹೋಗಿರುತ್ತದೆ, ನಾಟಿ ಮುಗಿಯುವ ತನಕ ಕೈ ಹಾಕಲು ಪುರುಸೊತ್ತಿಲ್ಲ ಅಂದ. ನಾಟಿ ಮುಗಿದ ಮೇಲೆ ನಮಗೆ ಲಿಫ್ಟು ಯಾತಕ್ಕೆ, ಅದರ ಮೇಲೆ ಬಟ್ಟೆ ಒಣಹಾಕಲಿಕ್ಕಾ? ನಾನು ಫೋನಿನಲ್ಲಿ ಹಾಗೇ ಕೇಳಿದೆ. ಅವನು ನಕ್ಕು ಇಟ್ಟುಬಿಟ್ಟ.

ಲಿಫ್ಟಿಲ್ಲದೆ ಹೂಡಬಾರದೇ ಅಂತ ಕೆಸರು ಕಾಣದವರು ಕೇಳಬಹುದು. ಆಗುವುದಿಲ್ಲ. ಸಾಲಿನ ಕೊನೆಗೆ ಬಂದು ತಿರುಗುವಾಗ ಕಲ್ಟಿವೇಟರಿನ ಹಲ್ಲುಗಳು ಮೇಲೆ ಏಳಲೇಬೇಕು. ಏಳದಿದ್ದರೆ ಬದುವನ್ನು ಕಿತ್ತುಕೊಂಡು ಹೋಗುತ್ತವೆ. ಬದು ಒಡೆದರೆ ಮೇಲಿನ ಗದ್ದೆಯ ನೀರೆಲ್ಲ ಕೆಳಗೆ. ಜವುಗಿನಲ್ಲಿ ಗಾಡಿ ಹೂತುಕೊಳ್ಳುತ್ತಿದೆ ಅನ್ನಿಸಿದ ತಕ್ಷಣವೂ ಹಲ್ಲು ಎತ್ತಿ ಹಗುರ ಮಾಡಿಕೊಂಡು ಪಾರಾಗಬೇಕು. ಕೆಸರಿನಲ್ಲಿ ಹೂಡುವವನಿಗೆ ಸ್ಟಿಯರಿಂಗಿನಷ್ಟೇ ಮುಖ್ಯ ಆ ಹಿಡಿ.

ಅವತ್ತು ಸಿಟ್ಟಿನಲ್ಲಿ ಕಲ್ಟಿವೇಟರು ಬಿಚ್ಚಿಸಿ ಗೊಬ್ಬರ ಹೊಡೆಯಲು ಕಳಿಸಿದೆ. ಮಧ್ಯಾಹ್ನದವರೆಗೆ ಗಾಡಿ ಓಡಾಡಿತು. ಊಟಕ್ಕೆ ಬಂದಾಗ ಗಂಡ ಏನೋ ನೆನಪಾಗಿ ಮತ್ತೆ ಕಲ್ಟಿವೇಟರು ಕಟ್ಟಿ ಹಿಡಿ ಎಳೆದರು. ನರಳುತ್ತಾ ನರಳುತ್ತಾ ಅದು ಎದ್ದಿತು! ಬೆಟ್ಟ ಹತ್ತುವ ಬಸ್ಸಿನಷ್ಟು ನಿಧಾನವಾಗಿ, ಆದರೂ ಎದ್ದಿತು. ಮರುದಿನ ಬೆಳಿಗ್ಗೆ ಮತ್ತೆ ಇಲ್ಲ. ಮಧ್ಯಾಹ್ನ ಮತ್ತೆ ಉಂಟು. ನಾನು ಊರವರಿಗೆ ಹೇಳಿ ನಗಿಸಿದ ಮಾತು ಹುಟ್ಟಿದ್ದು ಆಗಲೇ. ಅತ್ತೆ ಮಾತ್ರ ನಗಲಿಲ್ಲ. ಸಸಿಮಡಿಯಿಂದ ಒಂದು ಸಸಿ ಕಿತ್ತು ತಂದು ಜಗುಲಿಯ ಮೇಲಿಟ್ಟು, "ಬಲೀತಾ ಐತೆ. ಬಲ್ತ ಸಸಿ ನೆಟ್ರೆ ತೆಂಡೆ ಹೊಡೆಯಲ್ಲ" ಅಂದರು. ಬೈಯಲಿಲ್ಲ. ಅದೇ ನನಗೆ ಕಷ್ಟವಾಯಿತು.

"ತಾನು ಮಾಡಿದ್ದು ಉತ್ತಮ, ಆಳು ಮಾಡಿದ್ದು ಹಾಳು ಅಂತಾರೆ. ನಾವೇ ಬಿಚ್ಚಿ ನೋಡಾಣ" ಅಂದೆ ಗಂಡನಿಗೆ.

"ಬಿಚ್ಚೋದು ಸುಲಭ ಕಣೇ."

"ಮುಚ್ಚೋದು ನಾನು ನೋಡ್ಕೋತೀನಿ, ಏಳಿ."

ಬಿಚ್ಚುವ ಮೊದಲು ನನಗೆ ಅದು ಹೇಗೆ ಎತ್ತುತ್ತದೆ ಅಂತ ತಿಳಿಯಬೇಕಿತ್ತು. ಗೊತ್ತಿಲ್ಲದ್ದಕ್ಕೆ ಕೈ ಹಾಕಲು ನನಗಾಗುವುದಿಲ್ಲ. ನನ್ನ ಗಂಡ ಮಾತಿನಲ್ಲಿ ಬಡವರು, ಆದರೆ ಕೈಯಲ್ಲಿ ಹೇಳಲು ಬರುತ್ತದೆ. ದನಕ್ಕೆ ಇಂಜೆಕ್ಷನ್ನು ಕೊಟ್ಟು ಬಿಸಾಕಿದ್ದ ಎರಡು ಸಿರಿಂಜು ತೊಳೆದು ತಂದರು, ಒಂದು ಸಣ್ಣದು, ಒಂದು ದೊಡ್ಡದು. ಸೂಜಿ ತೆಗೆದು ಎರಡಕ್ಕೂ ನಡುವೆ ಒಂದು ತೆಳು ಪೈಪು ಸಿಕ್ಕಿಸಿ ಒಳಗೆ ಎಣ್ಣೆ ತುಂಬಿದರು. ದೊಡ್ಡದರ ಮೇಲೆ ಒಂದು ಕಲ್ಲಿಟ್ಟರು. "ಚಿಕ್ಕದನ್ನು ಒತ್ತು" ಅಂದರು. ಒತ್ತಿದೆ. ಕಲ್ಲು ಮೇಲೆದ್ದಿತು. ನನ್ನ ಹೆಬ್ಬೆರಳಿಗೆ ಭಾರವೇ ಗೊತ್ತಾಗಲಿಲ್ಲ.

"ಅಯ್ಯೋ, ಇಷ್ಟೇನಾ!"

"ಇಷ್ಟೇ. ಎಣ್ಣೆನ ಒತ್ತಿದ್ರೆ ಕುಗ್ಗಲ್ಲ. ಹೋಗೋಕೆ ಜಾಗ ಕೊಟ್ಟ ಕಡೆ ಹೋಗುತ್ತೆ."

ಹಿಡಿ ಎಳೆದಾಗ ಟ್ರ್ಯಾಕ್ಟರಿನ ಹಿಂಭಾಗದ ಹೊಟ್ಟೆಯೊಳಗೆ, ಎಣ್ಣೆಯಲ್ಲೇ ಮುಳುಗಿ ಕೂತ ಪಂಪು ಆ ಎಣ್ಣೆಯನ್ನು ಹೀರಿ ಮೇಲಿನ ಸಿಲಿಂಡರಿಗೆ ತಳ್ಳುತ್ತದೆ. ಪಿಸ್ಟನ್ನು ಹೊರಗೆ ಬರುತ್ತದೆ, ತೋಳುಗಳು ಮೇಲೆ ಏಳುತ್ತವೆ. ಹಿಡಿ ಬಿಟ್ಟರೆ ಎಣ್ಣೆಗೆ ವಾಪಸು ದಾರಿ ತೆರೆದು ತೋಳುಗಳು ಇಳಿಯುತ್ತವೆ. ಗೇರುಗಳು ಮುಳುಗಿರುವುದೂ ಅದೇ ಎಣ್ಣೆಯಲ್ಲಿ. ಹಳೇ ಗಾಡಿಗಳಲ್ಲಿ ಹೀಗೇ, ಎಲ್ಲರಿಗೂ ಒಂದೇ ಪಾತ್ರೆಯಿಂದ ಸಾರು.

ಹಾಗಾದರೆ ತಪ್ಪು ಎರಡೇ ಕಡೆ ಇರಬಹುದು ಅಂತ ನನಗೂ ಹೊಳೆಯಿತು. ಒಂದೋ ಮೇಲೆ ಹೋದ ಎಣ್ಣೆ ನಿಲ್ಲುತ್ತಿಲ್ಲ, ಇಲ್ಲವೇ ಕೆಳಗಿನ ಎಣ್ಣೆ ಮೇಲೆ ಹೋಗುತ್ತಿಲ್ಲ. ಮೊದಲನೆಯದನ್ನು ಪರೀಕ್ಷೆ ಮಾಡುವುದು ಸುಲಭ. ಸಂಜೆ ಗಾಡಿ ಬಿಸಿಯಿದ್ದಾಗ ಕಲ್ಟಿವೇಟರನ್ನು ಎತ್ತಿ, ಎತ್ತಿದ ಹಾಗೇ ಇಂಜಿನ್ನು ಆಫ್ ಮಾಡಿದೆವು. ಕೆಳಗೆ ಒಂದು ಸಿಲ್ವರ್ ಓಕ್ ದಿಮ್ಮಿ ಇಟ್ಟೆವು, ಬೆರಳು ತೂರುವಷ್ಟು ಸಂದು ಬಿಟ್ಟು. ಎತ್ತಿದ ಕಲ್ಟಿವೇಟರಿನ ಕೆಳಗೆ ದಿಮ್ಮಿಯಿಲ್ಲದೆ ಕೈಯೋ ಕಾಲೋ ತೂರಿಸುವವನಿಗೆ ನಮ್ಮ ಮಾವ ಊಟ ಹಾಕುತ್ತಿರಲಿಲ್ಲವಂತೆ. ಬೆಳಿಗ್ಗೆ ಎದ್ದು ಕೊಟ್ಟಿಗೆಗೂ ಹೋಗದೆ ನೇರ ಶೆಡ್ಡಿಗೆ ಹೋಗಿ ಸಂದಿನಲ್ಲಿ ಬೆರಳಿಟ್ಟು ನೋಡಿದೆ. ಸಂದು ಇದ್ದಷ್ಟೇ ಇತ್ತು! ಇಳಿದೇ ಇರಲಿಲ್ಲ. ಅಂದರೆ ಮೇಲೆ ಹೋದ ಎಣ್ಣೆ ಗಟ್ಟಿಯಾಗಿ ನಿಲ್ಲುತ್ತದೆ. ಪಿಸ್ಟನ್ನಿನ ರಬ್ಬರು ಚೆನ್ನಾಗಿದೆ.

"ಹಂಗಾರೆ ಹೀರೋ ಕಡೆ ತೊಂದ್ರೆ" ಅಂದರು ಗಂಡ. ಆಗ ನನಗೆ ಚಿಕ್ಕಂದಿನ ಒಂದು ಆಟ ನೆನಪಾಯಿತು. ಪಪ್ಪಾಯಿ ಎಲೆಯ ದಂಟು ಟೊಳ್ಳು. ಅದರಲ್ಲಿ ನಾವು ಮಜ್ಜಿಗೆ ಹೀರುತ್ತಿದ್ದೆವು. ಗಂಜಿ ಹೀರಲು ಹೋದರೆ ಕೆನ್ನೆ ಒಳಗೆ ಹೋಗುತ್ತಿತ್ತೇ ಹೊರತು ಗಂಜಿ ಬಾಯಿಗೆ ಬರುತ್ತಿರಲಿಲ್ಲ. ಬಿಸಿ ಮಾಡಿ ತೆಳುವಾದರೆ ಅಷ್ಟಿಷ್ಟು ಬರುತ್ತಿತ್ತು. ನಮ್ಮ ಟ್ರ್ಯಾಕ್ಟರು ಬೆಳಿಗ್ಗೆ ಮುಷ್ಕರ ಹೂಡಿ ಮಧ್ಯಾಹ್ನ ಎದ್ದೇಳುವ ಗುಟ್ಟು ಇದೇ. ಓಡಾಡಿ ಬಿಸಿಯಾದಾಗ ಎಣ್ಣೆ ತೆಳುವಾಗುತ್ತದೆ, ಪಂಪಿಗೆ ಸಿಗುತ್ತದೆ. ಗಂಡನಿಗೆ ಹೇಳಿದೆ. ಅವರು ನನ್ನನ್ನೇ ನೋಡಿದರು. "ಸರಿ ಇದೆ ಕಣೇ" ಅಂದರು. ಅವರ ಬಾಯಿಂದ ಅಷ್ಟು ಬಂದರೆ ಅದು ಸನ್ಮಾನ.

ಎಣ್ಣೆ ಬಸಿಯಲು ಕೆಳಗಿನ ಬೋಲ್ಟು ಬಿಚ್ಚಿದೆವು. ಮೊದಲು ಬಂದದ್ದು ಎಣ್ಣೆಯಲ್ಲ, ನೀರು. ಬುಳಬುಳನೆ ನೀರು ಬಂತು. ಆಮೇಲೆ ಬೆಳ್ಳಗಿನ, ಮಂದವಾದ, ಬೆಣ್ಣೆ ತೇಲುವ ಮೊದಲಿನ ಮೊಸರಿನಂಥದ್ದು ಧಾರೆ ಕಟ್ಟಿ ಇಳಿಯಿತು. ಗೇರುಗಳು ಎಣ್ಣೆಯಲ್ಲಿ ನೀರನ್ನು ವರ್ಷಗಟ್ಟಲೆ ಕಡೆದೂ ಕಡೆದೂ ಹಾಗೆ ಮಾಡಿದ್ದವು. ಶೆಡ್ಡಿನ ಮಾಡು ಒಂದು ಕಡೆ ಸೋರುತ್ತದೆ, ಗೇರು ಕಡ್ಡಿಯ ಬುಡದ ರಬ್ಬರು ಹರಿದಿದೆ. ನಮ್ಮ ಮಳೆಗೆ ಅಷ್ಟು ದಾರಿ ಸಾಕು. ಗಂಡ ಪಕ್ಕದ ಮುಚ್ಚಳ ಬಿಚ್ಚಿ, ತೋಳು ಮಡಚಿ ಒಳಗೆ ಕೈ ಹಾಕಿ ತಡಕಿದರು. ಪಂಪು ಎಣ್ಣೆ ಹೀರುವ ಬಾಯಿಗೆ ಒಂದು ಜಾಲರಿ ಇರುತ್ತದೆ, ಕಾಫಿ ಸೋಸುವ ಜಾಲರಿಯ ಹಾಗೆ. ಅದನ್ನು ಹೊರಗೆ ತಂದರು.

ಜಾಲರಿ ಕಾಣುತ್ತಲೇ ಇರಲಿಲ್ಲ. ಅದರ ಸುತ್ತ ಕಂದು ಬಣ್ಣದ ನಾರು ಒತ್ತೊತ್ತಾಗಿ ಸುತ್ತಿಕೊಂಡಿತ್ತು. ನಾನು ಒಂದು ಎಳೆ ಎಳೆದು ಬಟ್ಟೆಗೆ ಒರೆಸಿ ಬೆಳಕಿಗೆ ಹಿಡಿದೆ. ತೆಂಗಿನ ನಾರು.

"ತೆಂಗಿನ ನಾರು ಇದರ ಹೊಟ್ಟೆಯೊಳಗೆ ಯಾಕ್ರೀ ಬಂತು?" ಅಂತ ಕೇಳುತ್ತಲೇ ನನಗೆ ಉತ್ತರ ಗೊತ್ತಾಯಿತು.

ಎಣ್ಣೆ ಹಾಕುವ ತೂತಿನ ಕಬ್ಬಿಣದ ಮುಚ್ಚಳ ಎಂದೋ ಕಳೆದುಹೋಗಿತ್ತು. ನಮ್ಮ ಮನೆಯಲ್ಲಿ ಜೇನಿನ ಬಾಟಲಿಗೂ ಸೀಮೆಎಣ್ಣೆ ಡಬ್ಬಕ್ಕೂ ಬಿರಡೆ ಅಂದರೆ ತೆಂಗಿನ ನಾರಿನದೇ. ತೆಂಗಿನಕಾಯಿ ಸಿಪ್ಪೆಯ ನಾರನ್ನು ಹದವಾಗಿ ಹೊಸೆದು, ಮಡಚಿ, ಬಿಗಿಯಾಗಿ ಸುತ್ತಿ ತುರುಕಿದರೆ ಒಂದು ಹನಿ ಹೊರಗೆ ಬರುವುದಿಲ್ಲ. ಹಾಗೆ ಬಿರಡೆ ಮಾಡುವುದರಲ್ಲಿ ಅತ್ತೆಯ ಕೈ ಎತ್ತಿದ ಕೈ. ಮುಚ್ಚಳ ಕಳೆದ ವರ್ಷದಿಂದ ಪ್ರತಿ ಆಯುಧಪೂಜೆಗೆ ಅವರು ಟ್ರ್ಯಾಕ್ಟರಿಗೆ ಹೊಸ ಬಿರಡೆ ಮಾಡುತ್ತಿದ್ದರು. ಹಳೆಯದನ್ನು ತೆಗೆದು, ಹೊಸದಕ್ಕೆ ಅರಿಸಿನ ಹಚ್ಚಿ, ತಾವೇ ತುರುಕಿ, ಅದರ ಮೇಲೆ ಒಂದು ಹೂವಿಡುತ್ತಿದ್ದರು. ಜೇನಿನ ಬಾಟಲಿ ಅಲುಗುವುದಿಲ್ಲ. ಟ್ರ್ಯಾಕ್ಟರು ಇಡೀ ದಿನ ಅದುರುತ್ತದೆ. ಅದುರಿದಾಗೆಲ್ಲ ಒಂದೊಂದು ಎಳೆ ಒಳಗೆ ಉದುರಿದೆ. ಮಳೆನೀರೂ ಅದೇ ನಾರು ಹಿಡಿದುಕೊಂಡು ಒಳಗಿಳಿದಿದೆ.

ನನಗೆ ನಗು ಬಂತು. "ಬನ್ನಿ, ಅತ್ತೆಗೆ ತೋರ್ಸಾಣ. ಇಷ್ಟು ವರ್ಷ ಊರಿಗೆಲ್ಲ ಗಾದೆ ಹೇಳವ್ರೆ, ಇವತ್ತು ನನ್ನ ಸರದಿ" ಅಂದೆ. ಗಂಡ ನಗಲಿಲ್ಲ. ಜಾಲರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಚಕ್ರಕ್ಕೆ ಒರಗಿ ಕೂತರು.

"ಅವ್ವನಿಗೆ ಹೇಳ್ಬೇಡ."

"ಯಾಕೆ?"

"ಅಪ್ಪ ಕೊನೇ ಸಲ ದೊಡ್ಡಗದ್ದೆ ಹೂಡ್ದಾಗ ನೀನು ತವರಲ್ಲಿದ್ದೆ. ನಾನಿದ್ದೆ." ಅವರು ನಿಲ್ಲಿಸಿ ನಿಲ್ಲಿಸಿ ಹೇಳಿದರು. ಅವತ್ತು ಬೆಳಿಗ್ಗೆ ನಾಟಿಗೆ ಮುಯ್ಯಾಳುಗಳೆಲ್ಲ ಬಂದು ಬದುವಿನ ಮೇಲೆ ಕಾಯುತ್ತಿದ್ದರಂತೆ. ಮುಯ್ಯಾಳು ಅಂದರೆ ಇವತ್ತು ನಮ್ಮ ಗದ್ದೆಗೆ ಅವರು, ನಾಳೆ ಅವರ ಗದ್ದೆಗೆ ನಾವು. ಹಳ್ಳಿಯ ಹೆಂಗಸರೆಲ್ಲ ಅಲ್ಲೇ ಇದ್ದರು. ಮಾವ ರಾತ್ರಿ ಗದ್ದೆಯಲ್ಲೇ ಬಿಟ್ಟಿದ್ದ ತಣ್ಣನೆ ಗಾಡಿ ಹತ್ತಿ, ಉಳಿದಿದ್ದ ಕೊನೆಯ ಸುತ್ತು ಹೂಡುತ್ತಾ ತಿರುಗುವಾಗ ಕಲ್ಟಿವೇಟರು ಮೇಲೇಳಲಿಲ್ಲ. ಬದು ಕಿತ್ತುಬಂತು. ಮೇಲಿನ ಗದ್ದೆಯ ನೀರೆಲ್ಲ ನುಗ್ಗಿ, ಆಗಷ್ಟೇ ಕಿತ್ತು ಇಟ್ಟಿದ್ದ ಸಸಿಯ ಕಟ್ಟುಗಳು ತೊರೆಯ ಪಾಲಾದವು. ಮಾವ, "ಇದು ಎತ್ತಲ್ಲ ಕಣೇ" ಅಂದರಂತೆ. ಅತ್ತೆ ಎಲ್ಲರೆದುರು ಒಂದು ಮಾತು ಅಂದರು.

"ಏನಂದ್ರು?"

"ಬೇಡ ಬಿಡು. ಅಪ್ಪ ಗಾಡಿ ಆಫ್ ಮಾಡಿ ಇಳ್ದು ಮನೆಗೆ ಬಂದ್ರು. ಕಾಲು ತೊಳೀತಾ, ನನ್ನ ಕೈಯಲ್ಲಿ ಶಕ್ತಿ ಇಲ್ಲ ಕಣಪ್ಪ, ಇನ್ನು ನೀನೇ ನೋಡ್ಕೋ ಅಂದ್ರು. ಆಮೇಲೆ ಅದರ ಮೇಲೆ ಹತ್ತಲಿಲ್ಲ. ಆ ಚಳಿಗಾಲದಲ್ಲೇ ಹೋದ್ರು."

ಮಾವ ಹಿಡಿ ಎಳೆದದ್ದು ಸರಿಯಾಗೇ ಇತ್ತು. ಎಣ್ಣೆ ಮೇಲೆ ಹೋಗಿರಲಿಲ್ಲ, ಅಷ್ಟೇ. ತಮ್ಮ ಕೈ ಸೋತಿತು ಅಂದುಕೊಂಡೇ ಆ ಮನುಷ್ಯ ಹೋಗಿಬಿಟ್ಟರಲ್ಲ. ಅತ್ತೆ ದೊಡ್ಡಗದ್ದೆಯ ಮಾತು ಬಂದಾಗಲೆಲ್ಲ ಯಾಕೆ ಸುಮ್ಮನಾಗುತ್ತಿದ್ದರು, ಶುಂಠಿ ಅಂದಾಗ ಯಾಕೆ ಅಷ್ಟು ಕಲ್ಲಾದರು ಅನ್ನುವುದೂ ಆಗ ತಿಳಿಯಿತು. ನನ್ನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ ಅಂತ ಎಲ್ಲರಿಗೂ ಗೊತ್ತು. ಆದರೂ, "ಹೇಳಲ್ಲ" ಅಂದೆ.

ಗಂಡ ಬಸ್ಸು ಹತ್ತಿ ಹೋಗಿ ಹೊಸ ಎಣ್ಣೆ ತಂದರು, ತಿರುಪಿನ ಕಬ್ಬಿಣದ ಮುಚ್ಚಳ ತಂದರು. ನಾನು ಜಾಲರಿಯನ್ನು ಡೀಸೆಲಿನಲ್ಲಿ ಅದ್ದಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ ಉಜ್ಜಿ, ಆ ಕಡೆಯಿಂದ ಈ ಕಡೆ ಕಾಣುವ ಹಾಗೆ ಮಾಡಿದೆ. ಗೇರು ಕಡ್ಡಿಯ ಬುಡಕ್ಕೆ ಸೈಕಲ್ ಟ್ಯೂಬು ಕತ್ತರಿಸಿ ಕಟ್ಟಿದೆವು. ಎಲ್ಲವನ್ನೂ ಮುಚ್ಚಿ ಎಣ್ಣೆ ತುಂಬಿ ಮುಚ್ಚಳ ತಿರುಗಿಸುವ ಹೊತ್ತಿಗೆ ಅತ್ತೆ ಶೆಡ್ಡಿಗೆ ಬಂದರು. ಕೈಯಲ್ಲಿ ಹೊಸ ಬಿರಡೆ. ಅರಿಸಿನವೂ ಹಚ್ಚಿದ್ದರು.

"ರಿಪೇರಿ ಆಯ್ತೇನೋ ಅಂದ್ಕಂಡು ಮಾಡ್ಕಂಡು ಬಂದೆ. ತಗಾ, ಹಾಕು."

ಗಂಡ ಮುಚ್ಚಳದ ಮೇಲೆ ಕೈ ಇಟ್ಟುಕೊಂಡೇ, "ಮುಚ್ಚಳ ಸಿಕ್ತು ಅವ್ವ, ಅಂಗಡೀಲಿ" ಅಂದರು. ಅತ್ತೆ ಮುಚ್ಚಳ ನೋಡಿದರು. ಆಮೇಲೆ ಕೆಳಗೆ ನೋಡಿದರು. ನೆಲದ ಮೇಲೆ ಹಳೇ ಪೇಪರಿನ ಮೇಲೆ ಆ ನಾರಿನ ಮುದ್ದೆ ಇನ್ನೂ ಹಾಗೇ ಬಿದ್ದಿತ್ತು. ಅದನ್ನು ತಿಪ್ಪೆಗೆ ಬಿಸಾಕಿ ಬನ್ನಿ ಅಂತ ನಾನು ಗಂಡನಿಗೆ ಬೆಳಿಗ್ಗೆಯೇ ಹೇಳಿದ್ದೆ. 'ಬಿಸಾಕ್ಬೇಕು' ಅಂದಿದ್ದರು, ಅಷ್ಟೇ! ಆ ಗಳಿಗೆಯಲ್ಲಿ ಆ ಮನುಷ್ಯನನ್ನು ನುಂಗಿ ನೀರು ಕುಡಿಯುವಷ್ಟು ಕೋಪ ಬಂತು.

"ಇದೇನು?"

"ಕಸ ಅವ್ವ."

ಅತ್ತೆ ಬಗ್ಗಿ ಒಂದು ಚೂರು ತೆಗೆದು ಬೆರಳುಗಳ ನಡುವೆ ಹೊಸೆದರು. ತಮ್ಮ ಹೊಸೆತ ತಮಗೆ ತಿಳಿಯದೇ? "ಇದು ಎಲ್ಲಿ ಸಿಕ್ತು?" ಅಂದರು. ಗಂಡ ನನ್ನ ಮುಖ ನೋಡಿದರು. ಸುಳ್ಳು ಹೇಳಲು ಬಾಯಿ ತೆರೆದೆ. ಬರಲಿಲ್ಲ. "ಎಣ್ಣೆ ಹೀರೋ ಕಡೆ, ಅತ್ತೆ" ಅಂದೆ. ಅವರು ತಲೆಯಾಡಿಸಿದರು. ಹೊಸ ಬಿರಡೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೊರಟುಹೋದರು.

ಮರುದಿನ ಬೆಳಿಗ್ಗೆ, ಇಂಜಿನ್ನು ಇನ್ನೂ ತಣ್ಣಗಿದ್ದಾಗಲೇ, ಹಿಡಿ ಎಳೆದ ತಕ್ಷಣ ಕಲ್ಟಿವೇಟರು ಸರ್ರನೆ ಎದ್ದು ನಿಂತಿತು. ನರಳಿಕೆಯೇ ಇಲ್ಲ. ನಾನು ಚಪ್ಪಾಳೆ ತಟ್ಟಿಬಿಟ್ಟೆ. ದೊಡ್ಡಗದ್ದೆಗೆ ಇಳಿದು ಗಂಡ ಸುತ್ತು ಹೊಡೆದರು. ಪ್ರತಿ ತಿರುವಿನಲ್ಲೂ ಹಲ್ಲುಗಳು ಎದ್ದವು, ಬದು ಬದುವಾಗೇ ಉಳಿಯಿತು. ಜವುಗಿನ ಹತ್ತಿರ ಬಂದಾಗ ನಾನು ಉಸಿರು ಹಿಡಿದೆ. ಅವರು ಹಿಡಿಯನ್ನು ಸ್ವಲ್ಪ ಎತ್ತಿ, ಹಗುರಾಗಿ ದಾಟಿ, ಆಚೆ ಮತ್ತೆ ಇಳಿಸಿದರು. ನನ್ನ ಗಂಡನ ನಿಧಾನಕ್ಕೆ ಒಂದು ಉಪಯೋಗವಿದೆ ಅಂತ ಅವತ್ತು ಒಪ್ಪಿಕೊಂಡೆ.

ಅತ್ತೆ ಮನೆಯಲ್ಲೇ ಇದ್ದರು. ಆ ದಿನಗಳಲ್ಲಿ ಅವರು ಯಾರನ್ನೂ ಬೈಯಲಿಲ್ಲ, ಸಾರಿಗೆ ಉಪ್ಪು ಹೆಚ್ಚಾಯಿತು ಅನ್ನಲಿಲ್ಲ. ನಾನು ಬೇಕೆಂದೇ ಅವರಿಗೆ ಆಗದ ಹಾಗೆ ರೊಟ್ಟಿ ದಪ್ಪಗೆ ತಟ್ಟಿದೆ. ಸುಮ್ಮನೆ ತಿಂದರು. ಬೈಯಿಸಿಕೊಳ್ಳದೆ ಮನೆ ಬಿಕೋ ಅನ್ನುತ್ತಿತ್ತು.

ನಾಟಿಯ ದಿನ ಮುಯ್ಯಾಳುಗಳೆಲ್ಲ ಬಂದರು. ಜಿಟಿಜಿಟಿ ಮಳೆ. ಎಲ್ಲರೂ ಪ್ಲಾಸ್ಟಿಕ್ ಗೊಪ್ಪೆ ಹಾಕಿಕೊಂಡು ಸಾಲಾಗಿ ಬಗ್ಗಿ ನೆಡುತ್ತಾ ಹಿಂದಕ್ಕೆ ಸರಿಯುತ್ತಿದ್ದೆವು. ಮಧ್ಯಾಹ್ನದ ಮೇಲೆ ಮೈದುನ ಬಂದ. ಮದ್ದುಸೊಪ್ಪಿಗೆ ಇನ್ನೂ ಸಮಯವಿತ್ತು, ಸುದ್ದಿ ಕೇಳಿ ಮೊದಲೇ ಬಂದಿದ್ದ. ಬದುವಿನ ಮೇಲೆ ಕೊಡೆ ಹಿಡಿದು ನಿಂತು ನೋಡಿ, "ನೆಟ್ಟೇ ಬಿಟ್ರಲ್ಲ ಅತ್ತಿಗೆ. ಸರಿ, ಶುಂಠಿಯವ್ರಿಗೆ ಬೇರೆ ಕಡೆ ನೋಡ್ಕಳಿ ಅಂತೀನಿ" ಅಂದ. ಮಾತು ಅಲ್ಲಿಗೆ ಮುಗಿಯಿತು.

ನಮ್ಮ ಕಡೆ ಕೊನೆಯ ಹಿಡಿ ಸಸಿಯನ್ನು ಮನೆಯ ಹಿರಿ ಹೆಂಗಸು ನೆಡಬೇಕು. ಅತ್ತೆ ಬಂದರು. ನನ್ನ ಕೈ ಹಿಡಿದುಕೊಂಡು ಗದ್ದೆಗೆ ಇಳಿದರು. ಹಿಡಿ ತೆಗೆದುಕೊಂಡು, ಬಗ್ಗಿ, ಒಂದೊಂದಾಗಿ ಊರಿದರು. ಮುಗಿಸಿ ಸೊಂಟ ನೆಟ್ಟಗೆ ಮಾಡಿಕೊಂಡು ಅವತ್ತು ಮಾವನ ಕೈಯಲ್ಲಿ ಕಿತ್ತುಬಂದಿದ್ದ ಎದುರಿನ ಬದುವಿನ ಕಡೆ ತಿರುಗಿದರು. ಅಲ್ಲಿ ಯಾರೂ ಇರಲಿಲ್ಲ.

"ಏನ್ರೀ" ಅಂತ ಕೂಗಿದರು. ಗದ್ದೆಯಲ್ಲಿದ್ದವರೆಲ್ಲ ತಲೆಯೆತ್ತಿದರು. "ಅವತ್ತು ಇದೇ ಜನದ ಮುಂದೆ ನಿಮ್ಗೆ, ಕುಣೀಲಾರ್ದವ್ಳು ನೆಲ ಡೊಂಕು ಅಂದ್ಲಂತೆ ಅಂದೆ. ಇವತ್ತು ಇದೇ ಜನದ ಮುಂದೆ ಹೇಳ್ತಾ ಇವ್ನಿ, ಕೇಳಿ. ನೆಲಾನೇ ಡೊಂಕಿತ್ತು ಕಣ್ರೀ. ಡೊಂಕು ಮಾಡಿದ್ದು ನಾನು. ನಿಮ್ ಕೈ ಚೆನ್ನಾಗೇ ಇತ್ತು."

ಯಾರೂ ನಗಲಿಲ್ಲ. ಈಚೆ ಬದುವಿನ ಪಕ್ಕ ನನ್ನ ಗಂಡ ಟ್ರ್ಯಾಕ್ಟರಿಗೆ ಬೆನ್ನು ಕೊಟ್ಟು ನೆಲ ನೋಡುತ್ತಿದ್ದರು. ಮೈದುನ ಕೊಡೆ ಮಡಚಿಬಿಟ್ಟಿದ್ದ, ಮಳೆಯಲ್ಲೇ ನಿಂತಿದ್ದ.

ಪಕ್ಕದ ಮನೆಯ ಮುದುಕಿಯೊಬ್ಬಳು, ಅವತ್ತೂ ಇದ್ದವಳು, ಮೆಲ್ಲಗೆ, "ಕೇಳುಸ್ಕಂಡವ್ರೆ ಬುಡಕ್ಕ" ಅಂದಳು.

"ಕೇಳುಸ್ಕಂಡ್ರೂ ಮಾತಾಡಲ್ಲ ಅವ್ರು, ಯಾವತ್ತೂ ಹಂಗೇ" ಅಂದರು ಅತ್ತೆ. ಅಂದು, ಕೆಸರಿನ ಕೈಯಿಂದಲೇ ಕಣ್ಣು ಒರೆಸಿಕೊಳ್ಳಲು ಹೋದರು. ನಾನು ಆ ಕೈ ಹಿಡಿದು ಕೆಳಗಿಳಿಸಿ, ನನ್ನ ಸೆರಗಿನ ಒಣಗಿದ ತುದಿ ಹುಡುಕಿ ಅವರ ಮುಖ ಒರೆಸಿದೆ.